ಹೊಸ್ತಿಲ ಹುಡುಗಿ ಮತ್ತು ದೇವದುರ್ಗದ ಬಸ್ಸು

ಪಾಠ ಮಾಡಿಕೊಂಡು ಹೋದರೆ ಶಾಲೆಯಲ್ಲಿ ಏನೂ ಆಗುವುದಿಲ್ಲ. ಆಟ ಆಡಿಸಿದರೆ ಮಾತ್ರ ವಾರಕ್ಕೊಂದು ಫಜೀತಿ ಆಗಿಯೇ ಆಗುತ್ತದೆ. ನಗು ಆಗ ಬರುತ್ತದೆ, ಉಳಿದದ್ದು ಆಮೇಲೆ.

ನಾನು ರಾಯಚೂರಿನವಳು, ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಹೋದ ವರ್ಷ ಕಲ್ಮಲದ ಈಚೆಗಿರುವ ಒಂದು ಸಣ್ಣ ಊರಿನ ಸರಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಅತಿಥಿ ಶಿಕ್ಷಕಿಯಾಗಿದ್ದೆ. ತರಬೇತಿಯಲ್ಲಿ ಹೇಳಿದ್ದರು: ಆಟ ಆಡಿಸಿ, ಮಕ್ಕಳು ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ. ಆಟ ಅವರದು, ನೀವು ಮೆಲ್ಲಗೆ ದಾರಿ ತೋರಿಸಿದರೆ ಸಾಕು. ಮೆಲ್ಲಗೆ ಅನ್ನುವುದು ನನಗೆ ಸಲೀಸು. ನನ್ನ ದನಿ ಎರಡನೇ ಸಾಲಿಗೆ ಮುಟ್ಟುವುದೇ ಅಪರೂಪ.

ನಾನು ಹತ್ತಿರ ತರಬೇಕೆಂದುಕೊಂಡಿದ್ದು ಒಬ್ಬಳನ್ನು. ಹೊಸದಾಗಿ ಸೇರಿದ ಹುಡುಗಿ, ದಿನವೂ ಹೊಸ್ತಿಲ ಮೇಲೇ ಕೂರುತ್ತಿದ್ದಳು. ಹೆಡ್‌ಮಾಸ್ತರು ಮೊದಲೇ ಹೇಳಿದ್ದರು: "ಅವರವ್ವ ದೇವದುರ್ಗದಾಗ ಹಾಸ್ಟೆಲ್ ಅಡಿಗಿ ಮಾಡ್ತಾಳ್ರಿ. ಇಕಿ ಇಲ್ಲಿ ಅಜ್ಜಿ ಮನಿಯಾಗ ಇರ್ತಾಳ. ಮಾತು ಕಮ್ಮಿ, ನಿಮ್ಮಂಗ."

ಪರೀಕ್ಷೆ ಮುಗಿದರೆ ಅತಿಥಿಯ ಕೆಲಸವೂ ಮುಗಿಯುತ್ತದೆ. ಅಷ್ಟರೊಳಗೆ ಅವಳು ಒಳಗೆ ಬಂದು ಒಂದು ಆಟವಾದರೂ ಆಡಬೇಕು, ನನ್ನ ಆಸೆ ಅಷ್ಟೇ. ನಾಚಿಕೆಯವರಿಗೆ ನಾಚಿಕೆಯವರು ಬೇಗ ಅರ್ಥವಾಗುತ್ತಾರೆ ಅಂದುಕೊಂಡಿದ್ದೆ.

ಬೇವಿನ ಕಡ್ಡಿ

ಮೊದಲ ಆಟ ಬಲು ಸರಳ. ಎಲ್ಲರೂ ಕೈ ಹಿಡಿದು ದುಂಡಗೆ ನಿಲ್ಲಬೇಕು. ಹುಡುಗರು ಹುಡುಗಿಯರ ಕೈ ಹಿಡಿಯಲು ಒಲ್ಲೆ ಅಂದರು, ಅವರೂ ಇವರದನ್ನು ಒಲ್ಲೆ ಅಂದರು. ನಾನು ಏನು ಹೇಳಲಿ ಅಂತ ಯೋಚಿಸುತ್ತಿರುವಾಗಲೇ ಒಬ್ಬ ಹೊರಗೆ ಓಡಿ ಬೇವಿನ ಕಡ್ಡಿ ಮುರಿದು ತಂದ. ಕಡ್ಡಿಯ ಈ ತುದಿ ಅವನು, ಆ ತುದಿ ಅವಳು. ಒಂದು ಗಳಿಗೆಯಲ್ಲಿ ಎಲ್ಲರ ಕೈಯಲ್ಲೂ ಕಡ್ಡಿ.

ಅದೇ ಹೊತ್ತಿಗೆ ಹೆಡ್‌ಮಾಸ್ತರು ಬಂದರು.

"ಕೋಲಾಟ ಕಲಸಾಕತ್ತೀರೇನ್ರಿ ಟೀಚರ್? ಭೇಷಾತು. ಆಗಸ್ಟ್ ಹದಿನೈದಕ್ಕ ಇದನ್ನ ಇಟ್ಟುಬಿಡೂಣು."

ಅಲ್ಲ ಸರ್ ಅನ್ನುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಆಗಸ್ಟ್ ಹದಿನೈದಕ್ಕೆ ನನ್ನ ತರಗತಿ ಕೋಲಾಟ ಆಡಿತು. ಅದನ್ನು ಕಲಿಸಿದಳು ಅನ್ನಿಸಿಕೊಂಡ ನನಗೆ ಮಾತ್ರ ಕೋಲಾಟ ಬರುತ್ತಿರಲಿಲ್ಲ.

ಸಂತಿ ಆಟ

ಮಕ್ಕಳು ಮನೆಯಿಂದ ಬದನೆಕಾಯಿ, ಮೆಣಸಿನಕಾಯಿ, ಪುಂಡಿಪಲ್ಲೆ ಸೊಪ್ಪು ತಂದು ಗೋಣಿಚೀಲದ ಮೇಲೆ ಹರಡಿದರು. ಹಣದ ಬದಲು ಹರಳು. ಒಬ್ಬ ಹುಡುಗಿ ಬದನೆಕಾಯಿಗೆ ರೇಟು ಹೇಳಿದಳು. ನಾನು ಹೇಳಿದಷ್ಟೂ ಹರಳು ಕೊಟ್ಟೆ. ಅವಳ ಮುಖ ಬಾಡಿತು.

"ಹಂಗ ಕೊಟ್ರ ಆಟ ಹೆಂಗಾಗ್ತದ್ರಿ ಟೀಚರ್? ಜಗಳಾಡ್ರಿ."

"ಪ್ಲೀಸ್, ಸ್ವಲ್ಪ ಕಡಿಮೆ ಮಾಡಿ," ಅಂದೆ.

ಇಡೀ ಸಂತೆ ವ್ಯಾಪಾರ ನಿಲ್ಲಿಸಿ ನನ್ನನ್ನು ನೋಡಿತು. ಪಕ್ಕದ ಮೆಣಸಿನಕಾಯಿಯವನು ಮರುಕದಿಂದ ಹೇಳಿಕೊಟ್ಟ: "ಒಲ್ಲೆ ಅಂದು ಮಾರಿ ತಿರುವಿ ಹೋಗ್ರಿ. ಅಕಿ ಕರೀತಾಳ."

ತಿರುಗಿ ನಡೆದೆ. ನಡೆಯುತ್ತಾ ಬಾಗಿಲ ತನಕ ಬಂದೆ. ಯಾರೂ ಕರೆಯಲಿಲ್ಲ. ಹೊಸ್ತಿಲ ಹುಡುಗಿ ನನ್ನನ್ನು ಒಮ್ಮೆ ನೋಡಿ, ತುಸು ಸರಿದು ಜಾಗ ಮಾಡಿಕೊಟ್ಟಳು. ಅಲ್ಲಿ ಕೂತು ಕೇಳಬಹುದಿತ್ತು, ಇಲ್ಲೇ ಯಾಕೆ ಕೂರುತ್ತೀ ಅಂತ. ನನಗೋ ಬದನೆಕಾಯಿಯ ಅವಮಾನ. ತಿರುಗಿ ನೋಡಿದರೆ ಅದು ಬೇರೆಯವರ ಪಾಲಾಗಿತ್ತು.

ಬಸ್ಸಿನ ಆಟ

ಬೆಂಚುಗಳನ್ನು ಸಾಲಾಗಿ ಇಟ್ಟರೆ ಬಸ್ಸು. ಮಾನ್ವಿ ಬಿಟ್ಟು ನೀರಮಾನ್ವಿ, ಕಲ್ಮಲ ದಾಟಿ ರಾಯಚೂರು. ಕಂಡಕ್ಟರ್ ಹುಡುಗ ಖಡಕ್ಕಾಗಿದ್ದ. ಹುಡುಗಿಯರಿಗೆ "ಆಧಾರ್ ತಗೀರಿ," ಅಂದು ಪುಕ್ಕಟೆ ಬಿಟ್ಟ, ಹುಡುಗರಿಂದ ಹುಣಸೆ ಎಲೆ ವಸೂಲಿ ಮಾಡಿದ. ಎರಡನೇ ಟ್ರಿಪ್ಪಿನ ಹೊತ್ತಿಗೆ ಅರ್ಧ ಹುಡುಗರು ಟವೆಲ್ ತಲೆಮೇಲೆ ಹೊದ್ದು ಸೆರಗು ಮಾಡಿಕೊಂಡು ಹತ್ತಿದರು. ಕಂಡಕ್ಟರ್ ಒಬ್ಬನ ಸೆರಗು ಎತ್ತಿ ನೋಡಿ ನಿಟ್ಟುಸಿರು ಬಿಟ್ಟ: "ಯವ್ವಾ, ನಿನ್ನ ಆಧಾರ್‌ನಾಗ ನೀ ನನ್ನ ತಮ್ಮ ಅದೀ."

ಎಲ್ಲರೂ ಬಿದ್ದು ಬಿದ್ದು ನಗುವಾಗ ಹೊಸ್ತಿಲಿಂದ ಸಣ್ಣ ದನಿ ಬಂತು. ಅವಳ ಮೊದಲ ಮಾತು.

"ಇದು ದೇವದುರ್ಗದ ಬಸ್ಸೇನ?"

"ಅಲ್ಲ, ಮಾನ್ವಿದು. ಬಾಗಲ ಬಿಟ್ಟು ಸರಿ," ಅಂದ ಕಂಡಕ್ಟರ್.

ಅವಳು ಮತ್ತೆ ರಸ್ತೆಯ ಕಡೆ ಮುಖ ಮಾಡಿದಳು. ಮೆಲ್ಲಗೆ ದಾರಿ ತೋರಿಸಬೇಕಾದ ಹೊತ್ತು ಅದೇ. ಬಸ್ಸನ್ನು ಒಂದು ಟ್ರಿಪ್ಪು ದೇವದುರ್ಗಕ್ಕೆ ತಿರುಗಿಸು ಮಾರಾಯ ಅಂದಿದ್ದರೆ ಮುಗಿಯುತ್ತಿತ್ತು. ಅವಳು ಮಾತಾಡಿದಳಲ್ಲ ಅನ್ನುವ ಖುಷಿಯಲ್ಲಿ ಏನು ಕೇಳಿದಳು ಅನ್ನುವುದನ್ನೇ ನಾನು ಕೇಳಿಸಿಕೊಳ್ಳಲಿಲ್ಲ.

ಶಾಲಿ ಆಟ

ನನ್ನ ಕೊನೆಯ ದಿನ. ನಾನು ದಿನವೂ ಊರಿಗೆ ಹೋಗುತ್ತಿದ್ದುದು ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿಗೆ. ಶಾಲೆಯ ಮುಂದೆಯೇ ನಿಲ್ಲುತ್ತದೆ, ತಪ್ಪಿದರೆ ಇನ್ನೊಂದು ಯಾವಾಗಲೋ. ಅದಕ್ಕೇ ವರ್ಷವಿಡೀ ನನ್ನ ಕುರ್ಚಿ ಬಾಗಿಲ ಪಕ್ಕ, ಮಧ್ಯಾಹ್ನ ಕಳೆದರೆ ಒಂದು ಕಣ್ಣು ರಸ್ತೆಯ ಮೇಲೆ.

ಮಕ್ಕಳು ಶಾಲೆಯ ಆಟ ಆಡೋಣ ಅಂದರು. ಟೀಚರ್ ಆದ ಮೊದಲ ಹುಡುಗ ಬಂದವನೇ ಎಲ್ಲರಿಗೂ ಬಡಿಯತೊಡಗಿದ, ಅವನನ್ನು ಇಳಿಸಿದೆವು. ಮುಂದೆ ಯಾರು ಅನ್ನುವಷ್ಟರಲ್ಲಿ ಹೊಸ್ತಿಲ ಹುಡುಗಿ ಎದ್ದು ಬಂದು ನನ್ನ ಮುಂದೆ ಕೈ ಚಾಚಿದಳು.

"ವೇಲ್ ಕೊಡ್ರಿ."

ಕೊಟ್ಟೆ. ಅವಳು ಅದನ್ನು ಹೊದ್ದು ನನ್ನ ಕುರ್ಚಿಯಲ್ಲಿ ಕೂತಳು. ವಿದ್ಯಾರ್ಥಿನಿಯಾದ ನನಗೆ ಉಳಿದಿದ್ದ ಜಾಗ ಹೊಸ್ತಿಲು.

ಅವಳು ವೇಲ್ ಎಳೆದುಕೊಂಡಳು, ಕೆಮ್ಮಿದಳು, ಕೇಳಿಸಿತೋ ಇಲ್ಲವೋ ಅನ್ನುವಂತೆ "ಮಕ್ಕಳೇ, ಪ್ಲೀಸ್," ಅಂದಳು. ಯಾರೂ ಸುಮ್ಮನಾಗಲಿಲ್ಲ. ಥೇಟ್ ನಾನೇ. ಆಮೇಲೆ ವಾಚಿಲ್ಲದ ಮಣಿಕಟ್ಟು ನೋಡಿದಳು, ಕತ್ತು ಚಾಚಿ ರಸ್ತೆ ನೋಡಿದಳು, ಮತ್ತೆ ಮಣಿಕಟ್ಟು. ತರಗತಿ ನಕ್ಕು ಉರುಳಿತು. ಇಣುಕಿದ ಹೆಡ್‌ಮಾಸ್ತರು ಬಾಗಿಲು ಹಿಡಿದು ನಕ್ಕರು: "ಈ ಟೀಚರ್‌ನ್ನ ಮುಂದಿನ ವರ್ಷಕ್ಕ ಇಟಗೊಳ್ಳೂಣೇನ್ರಿ?"

ಕಂಡಕ್ಟರ್ ಹುಡುಗ ಕೈ ಎತ್ತಿದ. "ಟೀಚರ್, ಯಾರ್ನ ನೋಡಾಕತ್ತೀರಿ?"

"ನಮ್ಮವ್ವನ್ನ. ದೇವದುರ್ಗದ ಬಸ್ಸಿಗೆ ಬರ್ತಾಳ."

"ಸುಳ್ಳು. ಟೀಚರ್ ಅವ್ವ ರಾಯಚೂರಾಗ ಅದಾಳ."

ಅವಳು ಆಟ ಬಿಟ್ಟು ನನ್ನ ಕಡೆ ತಿರುಗಿದಳು. "ಹೌದಲ್ರಿ ಟೀಚರ್? ದಿನಾ ನನ್ನಂಗ ನೋಡ್ಕೋತ ಕೂಡ್ತೀರಿ. ಬಸ್ಸಿನ್ಯಾಗ ನಿಮ್ಮವ್ವ ಇರಂಗಿಲ್ಲ. ಆಮ್ಯಾಲ ನೀವೇ ಹತ್ತಿ ಹುಡುಕಾಕ ಹೋಗ್ತೀರಿ."

ವರ್ಷವಿಡೀ ಒಂದೇ ಬಾಗಿಲಲ್ಲಿ, ಒಂದೇ ಬಸ್ಸಿಗಾಗಿ ಇಬ್ಬರೂ ಕೂತಿದ್ದೆವು. ನಾನು ಅವಳನ್ನು ಬರೀ ನಾಚಿಕೆಯವಳು ಅಂದುಕೊಂಡೆ. ಅವಳು ನನ್ನನ್ನು ಜೊತೆಯವಳು ಅಂದುಕೊಂಡಿದ್ದಳು.

"ಹೌದವ್ವ," ಅಂದೆ.

"ಹಂಗಾರ ಒಳಗ ಬರ್ರಿ. ಅಲ್ಲೇ ಕುಂತ್ರ ಅಳು ಬರ್ತದ."

ಹೊರಗೆ ಹಾರ್ನ್ ಕೇಳಿಸಿತು. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ, ನಾನೂ ಏಳಲಿಲ್ಲ. ಬಸ್ಸು ಹೋಯಿತು.

ಅವಳು ಖಾಲಿ ಮಣಿಕಟ್ಟನ್ನು ಗಂಭೀರವಾಗಿ ನೋಡಿದಳು.

"ಬಸ್ಸು ಹೋತ್ರಿ ಟೀಚರ್. ಇನ್ನ ನೀವೂ ನಮ್ಮ ಅಜ್ಜಿ ಮನಿಯಾಗ ಇರ್ಬೇಕು. ಅಕಿ ನಸುಕಿನ್ಯಾಗ ಎಬ್ಬಸ್ತಾಳ, ಈಗ ಹೇಳೀನಿ."