ಮಾವನ ಕೊಳವೆಯಲ್ಲಿ ಸಿಕ್ಕಿದ ಗಾಳಿ

ನಮ್ಮ ಸೋದರಮಾವನಷ್ಟು ಹೆದರುಪುಕ್ಕಲು ಮನುಷ್ಯ ಇಡೀ ಮೈಸೂರಿನಲ್ಲಿಲ್ಲ. ಅಂಥವರ ಕೈಗೆ ಹೊಸ ಅಣುಸ್ಥಾವರದ ವಿನ್ಯಾಸ ಕೊಟ್ಟಿದ್ದಾರೆ! ಕರೆಂಟು ಹೋಗಿ, ಪಂಪು ನಿಂತು, ಕೆಲಸದವರೆಲ್ಲ ಓಡಿಹೋದರೂ ರಿಯಾಕ್ಟರು ತನ್ನಷ್ಟಕ್ಕೆ ತಣ್ಣಗಾಗಬೇಕು. ಅದಕ್ಕೆ ಬೇಕಾದ ನೀರಿನ ಕೊಳವೆಗಳನ್ನು ರೂಪಿಸುವುದು ಅವರ ಕೆಲಸ.

ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ, ಗಾಲಿಯ ಹಿಂದೆ ಮುಂದೆ ಕಲ್ಲಿಟ್ಟು, ಸರಪಳಿ ಬಿಗಿದು ಹತ್ತುತ್ತಾರೆ. ಕೀಲಿ ಸ್ಕೂಟರಿನಲ್ಲೇ ಇರುತ್ತದೆ!

ನನ್ನನ್ನು ನೋಡಲು ಬಂದ ಹುಡುಗನನ್ನೂ ಬಿಡಲಿಲ್ಲ.

"ಕರೆಂಟ್ ಹೋದ್ರೆ ಏನ್ಮಾಡ್ತೀರಿ?"

"ಕ್ಯಾಂಡಲ್ ಹಚ್ತೀನಿ ಸಾರ್."

"ಬೆಂಕಿಪೊಟ್ಟಣ ಸಿಗ್ಲಿಲ್ಲ ಅಂದ್ರೆ?"

ಹುಡುಗನ ಕಡೆಯಿಂದ ಮತ್ತೆ ಫೋನೇ ಬರಲಿಲ್ಲ. (ನನಗೆ ಬೇಸರವೇನೂ ಆಗಲಿಲ್ಲ. ಅಮ್ಮನಿಗೆ ಅದನ್ನು ಹೇಳಿಲ್ಲ.)

ಕೃಷ್ಣಮೂರ್ತಿಪುರಂನ ನಮ್ಮ ತಾರಸಿಯ ಸೋಲಾರ್ ಹೀಟರ್ ಅವರ ಪಾಲಿಗೆ ದೇವರು. "ಪಂಪಿಲ್ಲ, ಏನಿಲ್ಲ. ಬಿಸಿನೀರು ಮೇಲೇಳುತ್ತೆ, ತಣ್ಣೀರು ಕೆಳಗಿಳಿಯುತ್ತೆ. ನಮ್ಮದೂ ಇಷ್ಟೇ ಕಣಮ್ಮ." ಕಳೆದ ಭಾನುವಾರ ಟ್ಯಾಂಕ್ ತೊಳೆದು ನೀರು ತುಂಬಿದ್ದಾಯಿತು. ಮಟಮಟ ಮಧ್ಯಾಹ್ನವಾದರೂ ನಲ್ಲಿಯಲ್ಲಿ ತಣ್ಣೀರೇ!

"ನಿನ್ನ ದೇವರು ಕೈಕೊಟ್ಟ ಕಣೋ!" ಅಮ್ಮ ಬಚ್ಚಲಿನಿಂದ ಕೂಗಿದರು. "ಊರಿಗೆಲ್ಲ ಕರೆಂಟ್ ಕೊಡೋನು, ಅಕ್ಕನಿಗೊಂದು ಬಕೆಟ್ ಬಿಸಿನೀರು ಕೊಡಕ್ಕಾಗಲ್ವೇನೋ?"

ಪ್ಲಂಬರ್ ಬಂದು ಕೊಳವೆಯ ಮೇಲಿನ ಬಾಗನ್ನು ತಟ್ಟಿ ನೋಡಿದ. "ಇಲ್ಲಿ ಗಾಳಿ ಕೂತ್ಬುಟ್ಟಿದೆ ಸಾರ್, ನೀರು ಸುತ್ತಕ್ಕೇ ಬುಡ್ತಿಲ್ಲ. ಗಾಳಿ ಹೋಗಕ್ಕೊಂದು ಪೈಪ್ ಇಡಬೇಕು ಅಂತ ಗೊತ್ತಾಗಲ್ವಾ ಮಾಡ್ದೋರಿಗೆ?"

ನಾನು ನಕ್ಕೆ. ಮಾವ ನಗಲಿಲ್ಲ. ಸರಸರನೆ ಕೆಳಗಿಳಿದು ಲ್ಯಾಪ್‌ಟಾಪ್ ತೆರೆದರು. ಗೋಡೆ ಅಡ್ಡ ಬಂತೆಂದು ಹೋದ ತಿಂಗಳು ಅವರೇ ರಿಯಾಕ್ಟರಿನ ಕೊಳವೆಯೊಂದನ್ನು ಮೇಲಕ್ಕೆ ಬಗ್ಗಿಸಿದ್ದರು. ಗಾಳಿ ಹೋಗುವ ದಾರಿ ಮಾತ್ರ ಹಳೆಯ ಜಾಗದಲ್ಲೇ ಉಳಿದಿತ್ತು. ಹೊಸ ಬಾಗಿನಲ್ಲಿ ಗಾಳಿ ಕೂತರೆ ಅಲ್ಲೂ ನೀರು ಸುತ್ತುವುದಿಲ್ಲ. ಪರಿಶೀಲಿಸಿದವರ ಕಣ್ಣಿಗೂ ಅದು ಬಿದ್ದಿರಲಿಲ್ಲ.

"ನಾಳೆ ಒಪ್ಪಿಗೆ ಸಿಗಬೇಕಿತ್ತು. ಈಗ ಹೇಳಿದ್ರೆ ಮತ್ತೆ ಲೆಕ್ಕ, ಮತ್ತೆ ಪರೀಕ್ಷೆ. ಅಷ್ಟರಲ್ಲಿ ನಾನು ರಿಟೈರ್."

"ಹೇಳದಿದ್ರೆ?" ಎಂದೆ.

"ಯಾರಿಗೂ ಗೊತ್ತಾಗಲ್ಲ. ಏನೂ ಆಗದೆಯೂ ಇರಬಹುದು."

ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೇಲಧಿಕಾರಿಗೆ ನಾಲ್ಕು ಸಾಲು ಬರೆದರು. ಕೊನೆಯ ಸಾಲು: ತಪ್ಪು ನನ್ನದು.

"ಸ್ಥಾವರದ ಪಕ್ಕದಲ್ಲೇ ಒಂದು ಊರಿದೆ ಕಣಮ್ಮ," ಎಂದರು. "ಸ್ಕೂಲ್ ಇದೆ."

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟರು, ಒತ್ತಲಿಲ್ಲ. ಯಾರ ಕೈಯನ್ನೂ ಸುಲಭಕ್ಕೆ ಹಿಡಿಯುವವಳಲ್ಲ ನಾನು. ಅಂದು ಅವರ ಕೈಮೇಲೆ ಕೈಯಿಟ್ಟೆ. ಗುಂಡಿ ಒತ್ತಿದ್ದು ಯಾರ ಬೆರಳೋ, ಇಬ್ಬರಿಗೂ ತಿಳಿಯಲಿಲ್ಲ.