ಡಾಕ್ಟರ್ ತಿಹೋಮಿರ್ ಮುಚ್ಚಿಸಿದ ಕಿಟಕಿಗಳು

ದೊನ್ಯಾ ಬಾರಾ ಪುರಸಭೆಯ ವ್ಯಾಪ್ತಿಯಲ್ಲಿ ಮಕ್ಕಳಿಗೆ ಬರುವ ಸಕಲ ಕಾಯಿಲೆಗಳಿಗೂ ಮೂಲ ಕಾರಣ ಪ್ರೊಮಾಯಾ ಎಂಬುದು ನಮ್ಮ ಮುತ್ತಜ್ಜಿಯರ ಕಾಲದಲ್ಲೇ ಇತ್ಯರ್ಥವಾಗಿದ್ದ ವಿಷಯ. ಎದುರುಬದುರಿನ ಎರಡು ಕಿಟಕಿ ಒಟ್ಟಿಗೆ ತೆರೆದಾಗ ಒಂದರಿಂದ ನುಗ್ಗಿ ಇನ್ನೊಂದರಿಂದ ಹೊರಬೀಳುವ ಗಾಳಿಗೆ ನಾವು ಸರ್ಬಿಯಾದವರು ಹಾಗೆನ್ನುತ್ತೇವೆ. ಹೋಗುವ ದಾರಿಯಲ್ಲಿ ಅದು ಮಗುವಿನ ಕಿವಿ, ಗಂಟಲು, ಮೂತ್ರಕೋಶ ಇವುಗಳಿಗೆ ಕ್ರಮವಾಗಿ ಭೇಟಿ ಕೊಡುತ್ತದೆ. ಹೊಟ್ಟೆನೋವು, ಲೆಕ್ಕದಲ್ಲಿ ಹಿಂದುಳಿಯುವುದು, ಮುಂದೆ ಮದುವೆ ತಡವಾಗುವುದು, ಎಲ್ಲವೂ ಅದರ ಪ್ರಸಾದವೇ.

ಇದನ್ನು ನಂಬದವರು ಊರಲ್ಲಿ ಒಬ್ಬರೇ ಇದ್ದರು. ದುರದೃಷ್ಟವಶಾತ್ ಅವರೇ ಮಕ್ಕಳ ಡಾಕ್ಟರಾಗಿದ್ದರು.

ಡಾಕ್ಟರ್ ತಿಹೋಮಿರ್ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ವಾರಕ್ಕೊಂದರಂತೆ ತಂದೆತಾಯಿಯರಿಗೆ ಸಲಹೆ ಅಂಟಿಸುತ್ತಿದ್ದರು. ಮಗು ಮಲಗುವ ಕೋಣೆಗೆ ಗಾಳಿ ಬರಲಿ. ಜ್ವರ ಬಂದ ಮಗುವಿಗೆ ಕಂಬಳಿ ಹೇರಬೇಡಿ, ನೀರು ಕುಡಿಸಿ. ಊರವರು ಅದನ್ನು ಗೌರವದಿಂದ ಓದುತ್ತಿದ್ದರು. ಓದುವಾಗ ಬೆನ್ನಿಗೆ ಗಾಳಿ ತಾಗದಿರಲೆಂದು ಕೇಂದ್ರದ ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದರು. ಡಾಕ್ಟರ ಸ್ವಂತ ಮನೆಯಲ್ಲಂತೂ ಆ ಸಲಹೆಗಳು ಜಾರಿಗೇ ಬಂದಿರಲಿಲ್ಲ. ಅಲ್ಲಿ ಅವರ ಅತ್ತೆ ರಾದೋಯ್ಕಾ ಇದ್ದರು.

"ಅಳಿಯಂದಿರೇ, ನೀವು ಪುಸ್ತಕ ಓದಿದೀರಿ, ನಾನು ಮಕ್ಕಳನ್ನ ಸಾಕಿದೀನಿ. ಆ ಕಿಟಕಿ ಹಾಕಿ."

ಡಾಕ್ಟರು ಹಾಕುತ್ತಿದ್ದರು. ಮರುದಿನ ಕೇಂದ್ರಕ್ಕೆ ಹೋಗಿ ಬೇರೆಯವರಿಗೆ ಕಿಟಕಿ ತೆರೆಯಲು ಹೇಳುತ್ತಿದ್ದರು.

ಹೀಗಿರುವಾಗ ಪುರಸಭೆಯ ಹೊಸ ಸಭಾಂಗಣದ ಉದ್ಘಾಟನೆಯಾಯಿತು. ಎರಡೂ ಕಡೆಯ ಬಾಗಿಲನ್ನು ಒಟ್ಟಿಗೆ ತೆರೆದ ಗಳಿಗೆಯಲ್ಲೇ ಮೇಯರ್ ಸ್ವೆತೊಜಾರ್ ಅವರ ಮೊಮ್ಮಗ ಮೈಕಿನ ಮುಂದೆ ಸೀನಿದ. ಸೀನು ಇಡೀ ಊರಿಗೆ ಕೇಳಿಸಿತು. ಸಂಜೆಯೊಳಗೆ ತುರ್ತು ಸಭೆ ಸೇರಿ, ಮಕ್ಕಳ ಪ್ರೊಮಾಯಾ ನಿಯಂತ್ರಣ ಆಯೋಗ ರಚನೆಯಾಯಿತು. ಮೇಯರ್ ಖುದ್ದಾಗಿ ಡಾಕ್ಟರ ಬಳಿ ಬಂದರು.

"ಡಾಕ್ಟ್ರೇ, ಅಧ್ಯಕ್ಷರು ನೀವೇ ಆಗ್ಬೇಕು."

"ನನಗೆ ಅದರಲ್ಲಿ ನಂಬಿಕೆಯೇ ಇಲ್ಲವಲ್ಲ, ಮೇಯರ್ ಸಾಹೇಬ್ರೇ."

"ಅದಕ್ಕೇ ನೀವು! ನಂಬಿಕೆ ಇರೋರನ್ನ ಕೂರಿಸಿದ್ರೆ ಪಕ್ಷಪಾತ ಅಂತಾರೆ. ಕಾರು ಬೇರೆ ಕೊಡ್ತೀವಿ."

ಒಳಗಿದ್ದುಕೊಂಡೇ ವಿಜ್ಞಾನ ತರುತ್ತೇನೆ ಎಂದು ಡಾಕ್ಟರು ತಮಗೆ ತಾವೇ ಹೇಳಿಕೊಂಡರು. ಅದನ್ನು ಎರಡು ಸಲ ಹೇಳಿಕೊಳ್ಳಬೇಕಾಗಿ ಬಂದದ್ದು ಅವರ ಗಮನಕ್ಕೂ ಬಂತು.

ಮೊದಲ ಸಭೆಯಲ್ಲಿ ಅವರೊಂದು ಕರಡು ಮಂಡಿಸಿದರು: 'ಮಕ್ಕಳಿರುವ ಕಟ್ಟಡಗಳಲ್ಲಿ ಕಿಟಕಿಗಳನ್ನು ದಿನವೂ ತೆರೆಯತಕ್ಕದ್ದು.' ಸಭೆ ಅದನ್ನು ಮೆಚ್ಚಿ, ಕೊನೆಯಲ್ಲಿ ಒಂದು 'ಅಲ್ಲ' ಮಾತ್ರ ಸೇರಿಸಿತು. ಉಳಿದ ವಾಕ್ಯವೆಲ್ಲ ತಮ್ಮದೇ ಎಂದು ಡಾಕ್ಟರು ಸಮಾಧಾನಪಟ್ಟುಕೊಂಡು ಸಹಿ ಹಾಕಿದರು. ಪ್ರಕಟಣೆ ಮನೆಮನೆಯ ಬಾಗಿಲಿಗೂ ಅಂಟಿತು:

'ಮಕ್ಕಳಿರುವ ಕಟ್ಟಡಗಳಲ್ಲಿ ಕಿಟಕಿಗಳನ್ನು ದಿನವೂ ತೆರೆಯತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಆಯೋಗದ ಅನುಮತಿ ಪಡೆಯತಕ್ಕದ್ದು. ಅನುಮತಿ ಪಡೆದು ತೆರೆದ ಕಿಟಕಿಯಿಂದ ಗಾಳಿ ಒಳಬಂದಲ್ಲಿ ಸದರಿ ಅನುಮತಿ ತಾನಾಗಿಯೇ ರದ್ದಾಗುವುದು.'

ತನಿಖಾಧಿಕಾರಿಗಳು ಉರಿಯುವ ಮೇಣದಬತ್ತಿ ಹಿಡಿದು ಮನೆಮನೆ ತಿರುಗಿದರು. ಬತ್ತಿಯ ಕುಡಿ ಅಲುಗಿದರೆ ಅದು ಅಪರಾಧ. ಅವರ ಉಸಿರಿಗೇ ಕುಡಿ ಅಲುಗುತ್ತಿದೆಯೆಂದು ಕೆಲವರು ತಕರಾರು ತೆಗೆದದ್ದರಿಂದ, ಕರ್ತವ್ಯದ ವೇಳೆಯಲ್ಲಿ ಉಸಿರು ಬಿಗಿಹಿಡಿಯಬೇಕೆಂದು ಆದೇಶವಾಯಿತು. ಇಬ್ಬರು ಕರ್ತವ್ಯದಲ್ಲೇ ತಲೆಸುತ್ತಿ ಬಿದ್ದರು. ಅವರಿಗೆ ಪ್ರಶಂಸಾಪತ್ರ ಸಿಕ್ಕಿತು.

ಶಿಶುವಿಹಾರದಲ್ಲಿ ಕಿಟಕಿಯ ಸಂದುಗಳಿಗೆ ಅಂಟುಪಟ್ಟಿ ಬಿತ್ತು. ಒಂದು ಕೆಮ್ಮು ಒಳಗೆ ಬಂದರೆ ಹೊರಗೆ ಹೋಗಲು ದಾರಿ ಕಾಣದೆ ಎಲ್ಲ ಮಕ್ಕಳ ಪರಿಚಯ ಮಾಡಿಕೊಂಡೇ ತೀರುತ್ತಿತ್ತು. ಅಲ್ಲಿನ ಟೀಚರ್ ಬುದಿಮ್ಕಾ ಒಂದು ದಿನ ಕೆಮ್ಮುತ್ತಲೇ ಆಯೋಗದ ಕಚೇರಿಗೆ ಬಂದರು.

"ಅರ್ಧ ಮಕ್ಕಳು ಮಲಗಿಬಿಟ್ಟಿದಾರೆ ಡಾಕ್ಟ್ರೇ. ಉಳಿದರ್ಧ ಮಲಗೋಕೆ ಸಾಲಲ್ಲಿ ನಿಂತಿದಾರೆ. ಒಂದೇ ಒಂದು ಕಿಟಕಿ ತೆಗೀಲಾ?"

ಡಾಕ್ಟರು ಇದನ್ನು ಸಭೆಯ ಮುಂದಿಟ್ಟರು. ಕಿಟಕಿ ಮುಚ್ಚಿದ ಮೇಲೆ ಕಾಯಿಲೆ ಹೆಚ್ಚಾಗಿದೆ ಎಂದು ಸಾಧ್ಯವಾದಷ್ಟು ವಿನಯದಿಂದ ತಿಳಿಸಿದರು.

ಮೇಯರ್ ಬಹಳ ಹೊತ್ತು ಯೋಚಿಸಿ, "ಅಂದ್ರೆ ಎಲ್ಲಿಂದಲೋ ಇನ್ನೂ ಗಾಳಿ ಬರ್ತಾ ಇದೆ. ಬೀಗದ ತೂತು ನೋಡಿದ್ರಾ?" ಎಂದರು.

ಬೀಗದ ತೂತುಗಳಿಗೆ ಮೇಣ ತುಂಬಲಾಯಿತು. ನಿರ್ಣಯದ ಕೆಳಗೆ ಅಧ್ಯಕ್ಷರ ಸಹಿ ಇತ್ತು.

ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಡಾಕ್ಟರ ಮಗಳು, ನಾಲ್ಕು ವರ್ಷದ ಯಾಗ್ಲಿಕಾಗೆ ಜ್ವರ ಏರಿತು. ಅವರು ಕೋಣೆಗೆ ಬರುವಷ್ಟರಲ್ಲಿ ಅತ್ತೆ ಶಾಸ್ತ್ರೋಕ್ತವಾಗಿ ಎಲ್ಲ ಮುಗಿಸಿದ್ದರು. ಮಗುವಿನ ಮೇಲೆ ಗರಿತುಂಬಿದ ರಜಾಯಿ, ಹಣೆಯ ಮೇಲೆ ಹಸಿ ಆಲೂಗಡ್ಡೆಯ ಬಿಲ್ಲೆಗಳು, ಕಾಲಿಗೆ ಪ್ಲಮ್ ಹಣ್ಣಿನ ಸಾರಾಯಿಯಲ್ಲಿ ಅದ್ದಿದ ಉಣ್ಣೆಯ ಕಾಲುಚೀಲ. ಕೋಣೆಯ ಬಿಸಿಗೆ ಗೋಡೆಯೂ ಬೆವರುತ್ತಿತ್ತು.

"ಅಪ್ಪಾ, ನಾನು ಬೇಯ್ತಾ ಇದೀನಿ," ಎಂದಿತು ಮಗು.

ಡಾಕ್ಟರು ಕತ್ತು ಮುಟ್ಟಿ ನೋಡಿದರು. ಇಂಥ ನೂರಾರು ಮಕ್ಕಳನ್ನು ಕಂಡವರು ಅವರು. ಮಾಡಬೇಕಾದ್ದು ಏನೆಂದು ಗೋಡೆಯ ಮೇಲೆ ಎಷ್ಟೋ ಸಲ ಬರೆದವರು. ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದರು.

"ಅಳಿಯಂದಿರೇ, ಬಾಗಿಲಿಗೆ ಅಂಟಿಸಿರೋ ಕಾಗದದಲ್ಲಿ ಯಾರ ಸಹಿ ಇದೆ, ಸ್ವಲ್ಪ ಓದಿ ಹೇಳ್ತೀರಾ?" ಎಂದರು ರಾದೋಯ್ಕಾ.

ಅನುಮತಿ ಕೊಡಬೇಕಾದವರು ಅಧ್ಯಕ್ಷರು. ಅಧ್ಯಕ್ಷರು ಸ್ವಂತ ಮನೆಗೆ ಅನುಮತಿ ಕೊಟ್ಟುಕೊಂಡರೆ ಅದು ಸ್ವಜನಪಕ್ಷಪಾತ. ಆ ನಿಯಮವನ್ನು ಸೇರಿಸಿದವರೂ ಅವರೇ, ವಿಜ್ಞಾನಕ್ಕೆ ಮರ್ಯಾದೆ ಬರಲೆಂದು. ಚಿಲಕದ ಮೇಲಿನ ಕೈ ಅಲ್ಲೇ ನಿಂತಿತು.

ಅವರ ಹೆಂಡತಿ ಸೆಂಕಾ ಬಾಗಿಲಲ್ಲಿ ನಿಂತಿದ್ದಳು. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಡಾಕ್ಟರೋ ಅಧ್ಯಕ್ಷನೋ, ಯಾವುದಾದ್ರೂ ಒಂದಾಗು ಮಾರಾಯ. ಮಗು ಸುಡ್ತಾ ಇದೆ."

ಅತ್ತೆಯ ಮುಂದೆ, ಹೆಂಡತಿಯ ಮುಂದೆ, ಆಲೂಗಡ್ಡೆ ಹೊತ್ತ ಮಗುವಿನ ಮುಂದೆ ಡಾಕ್ಟರು ತಾವು ಎಷ್ಟು ಪುಕ್ಕಲರೆಂಬುದನ್ನು ಪೂರ್ತಿಯಾಗಿ ಅರಿತರು. ಧೈರ್ಯ ಬರಲಿಲ್ಲ. ಬಂದದ್ದು ಒಂದು ಪ್ರಶ್ನೆ.

"ಅತ್ತೆ, ಹೊರಗೆ ಅಂಗಳದಲ್ಲಿ ಪ್ರೊಮಾಯಾ ಇದೆಯಾ?"

ರಾದೋಯ್ಕಾ ಕನಿಕರದಿಂದ ಅವರನ್ನು ನೋಡಿದರು. "ಅಷ್ಟೂ ಗೊತ್ತಿಲ್ವಾ ನಿಮಗೆ? ಪ್ರೊಮಾಯಾಕ್ಕೆ ಎರಡು ಕಿಟಕಿ ಬೇಕು. ಅಂಗಳಕ್ಕೆಲ್ಲಿದೆ ಕಿಟಕಿ? ಹೊರಗೆ ಬೀಸೋದು ಶುದ್ಧ ಗಾಳಿ. ಮಕ್ಕಳಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ."

ಡಾಕ್ಟರು ಮಗುವನ್ನೆತ್ತಿ ಹೊರಗೆ ಒಯ್ದು ಆಕ್ರೋಟು ಮರದ ನೆರಳಲ್ಲಿ ಮಲಗಿಸಿದರು. ಡ್ಯಾನ್ಯೂಬ್ ಕಡೆಯಿಂದ ಬೀಸುವ ಗಾಳಿಗೆ ಹಗ್ಗದ ಮೇಲಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅತ್ತೆ ಬಂದು ತಾವಾಗಿಯೇ ರಜಾಯಿ ತೆಗೆದರು, ಕಾಲುಚೀಲ ಕಳಚಿದರು. ಶುದ್ಧ ಗಾಳಿ ಮೈಗೆಲ್ಲ ತಾಗಲೆಂದು. ಸೆಂಕಾ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಡಾಕ್ಟರು ಕೊಟ್ಟ ಔಷಧಿಯೂ ಹೇಗೋ ಒಳಗೆ ಹೋಯಿತು. ಸಂಜೆಗೆ ಜ್ವರ ಇಳಿದು ಯಾಗ್ಲಿಕಾ ಬ್ರೆಡ್ಡೂ ಜಾಮೂ ಕೇಳಿದಳು. ಡಾಕ್ಟರು ಹುಲ್ಲಿನ ಮೇಲೆ ಕುಸಿದು ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು.

"ನೋಡಿದ್ರಾ? ಮನೆ ಕಿಟಕಿ ಭದ್ರವಾಗಿ ಹಾಕಿದ್ದಕ್ಕೆ ಉಳೀತು ಮಗು," ಎಂದರು ರಾದೋಯ್ಕಾ.

ಡಾಕ್ಟರು ಬಾಯಿ ತೆರೆದರು. ಅನುಮತಿ ಇಲ್ಲವೆಂಬುದು ನೆನಪಾಗಿ ಮುಚ್ಚಿಕೊಂಡರು.

ಮರುದಿನದ ಸಭೆಯಲ್ಲಿ ಅವರು ಹೊಸ ನಿರ್ಣಯ ಮಂಡಿಸಿದರು: ಮಕ್ಕಳು ಒಳಗಿದ್ದರೆ ಎಂದಾದರೂ ಕಿಟಕಿ ತೆರೆಯುವ ಅಪಾಯ ಇದ್ದೇ ಇದೆ, ಆದಕಾರಣ ಮುಚ್ಚಿದ ಕಿಟಕಿಗಳ ರಕ್ಷಣೆಗಾಗಿ ಮಕ್ಕಳನ್ನು ಹೊರಗಿಡತಕ್ಕದ್ದು. ಅದು ಚಪ್ಪಾಳೆಯೊಂದಿಗೆ ಅಂಗೀಕಾರವಾಯಿತು. ಯಾರೂ 'ಅಲ್ಲ' ಸೇರಿಸಲಿಲ್ಲ.

ಶಿಶುವಿಹಾರದ ಮಂಚಗಳು ಮರಗಳ ಕೆಳಗೆ ಬಂದವು. ಮಕ್ಕಳ ಹಿಂದೆ ತಾಯಂದಿರು ಬಂದರು, ಅವರ ಹಿಂದೆ ಒಲೆ, ಟೀವಿ, ಕೊನೆಗೆ ಗಂಡಂದಿರು. ಕೆಮ್ಮು ನಿಂತಿತು. ಊರಿನ ಮನೆಗಳೆಲ್ಲ ಗಾಳಿಯಾಡದಂತೆ ಭದ್ರವಾಗಿ ಮುಚ್ಚಿ ಖಾಲಿಯಾಗಿ ನಿಂತವು. ಇದು ಮುಚ್ಚಿದ ಕಿಟಕಿಗಳ ಫಲವೆಂದು ಆಯೋಗ ವರದಿ ಮಾಡಿತು. ಚಳಿಗಾಲದ ವಿಷಯವನ್ನು ಮುಂದಿನ ಸಭೆಗೆ ಕಾದಿರಿಸಲಾಗಿದೆ.

ಬೇಸಿಗೆಯಲ್ಲಿ ಬೆಲ್‌ಗ್ರೇಡಿನಿಂದ ದೊಡ್ಡ ಅಧಿಕಾರಿಯೊಬ್ಬರು ಪರಿಶೀಲನೆಗೆ ಬಂದರು. ಒಂದು ಮನೆಯೊಳಗೆ ಹೋಗಿ, ಕೆಂಪು ಮೆಣಸಿನಕಾಯಿಯಂತಾಗಿ ಹೊರಬಂದರು.

"ಒಳಗೆ ಒಂಚೂರೂ ಗಾಳಿ ಇಲ್ಲ!"

"ಇಲ್ಲ," ಎಂದರು ಡಾಕ್ಟರು. ದನಿಯಲ್ಲಿದ್ದ ಹೆಮ್ಮೆ ನಿಜವಾದದ್ದೆಂದು ತಿಳಿದು ಅವರಿಗೇ ಆಶ್ಚರ್ಯವಾಯಿತು.

ಅಧಿಕಾರಿ ಟೈ ಸಡಿಲಿಸಿ, ಬಾವಿಕಟ್ಟೆಯ ಮೇಲೆ ಕೂರಲು ಹೋದರು.

"ಅಯ್ಯೋ, ಏಳಿ ಏಳಿ! ತಣ್ಣಗಿರೋ ಕಲ್ಲು!" ಎಂದು ರಾದೋಯ್ಕಾ ಕೂಗಿದರು. ಅಲ್ಲಿದ್ದವರೆಲ್ಲ ಗಾಬರಿಯಿಂದ ಎದ್ದು ನಿಂತರು.

"ಯಾಕೆ, ತಣ್ಣನೆ ಕಲ್ಲಿನ ಮೇಲೆ ಕೂತರೆ ಏನಾಗುತ್ತೆ?" ಎಂದು ಅಧಿಕಾರಿ ಡಾಕ್ಟರತ್ತ ತಿರುಗಿ ಕೇಳಿದರು.

ಏನೂ ಆಗುವುದಿಲ್ಲ ಎಂಬುದು ಡಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ಊರು ಅವರ ಬಾಯನ್ನೇ ನೋಡುತ್ತಿತ್ತು.

"ಬಹಳ ಗಂಭೀರವಾದ ವಿಷಯ," ಎಂದು ಹೇಳಿ, ಅವರು ತಾವು ಕೂತಿದ್ದ ದಿಂಬನ್ನು ಎತ್ತಿ ಅಧಿಕಾರಿಗೆ ಕೊಟ್ಟರು.