ಭಾವನ ಜೆಟ್ ಸ್ಕೀ, ನನ್ನ ಸ್ಪ್ಯಾನರ್

‘ನನಗೆ ಸ್ವಲ್ಪ ಸಿಟ್ಟು ಜಾಸ್ತಿ’ ಎಂದು ಮೀಸೆ ತಿರುವುತ್ತಾ ಹೇಳಿಕೊಳ್ಳುವವರನ್ನು ಕಂಡಿದ್ದೇನೆ. ‘ನಾನು ಮಹಾ ಸೋಮಾರಿ’ ಎಂದು ನಗುವವರಂತೂ ಮನೆಗೊಬ್ಬರಿದ್ದಾರೆ. ಆದರೆ ‘ನನಗೆ ಹೊಟ್ಟೆಕಿಚ್ಚು ಜಾಸ್ತಿ’ ಎಂದು ಒಪ್ಪಿಕೊಂಡವರನ್ನು ಈವರೆಗೆ ನೋಡಿಲ್ಲ. ಆ ಕೊರತೆ ನನ್ನಿಂದಲೇ ನೀಗಲಿ. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದೂ ಹೊರಗಿನವರ ಮೇಲಲ್ಲ, ಹೆಂಡತಿಯ ಸ್ವಂತ ಅಣ್ಣನ ಮೇಲೆ.

ಸುಧಾಕರ ಭಾವ ಕುಂದಾಪುರದ ಕಡೆಯಿಂದ ಸೂರತ್‌ಗೆ ಬಂದು ಉಡುಪಿ ಹೋಟೆಲ್ ಇಟ್ಟವರು. ನಾನು ಸೂರತ್ ಪಕ್ಕದ ಸಚಿನ್ ಎಂಬ ಊರಿನ ಬಟ್ಟೆ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಮೇಂಟೆನೆನ್ಸ್ ನೋಡಿಕೊಳ್ಳುವವನು. ಎರಡು ವರ್ಷದ ಹಿಂದೆ ಭಾವ ಹಳೆಯದೊಂದು ಜೆಟ್ ಸ್ಕೀ ಕೊಂಡು ತಂದರು. ಕುಳಿತು ಸವಾರಿ ಮಾಡುವಂಥದ್ದಲ್ಲ, ಅದಕ್ಕೆ ಸೀಟೇ ಇಲ್ಲ. ಉದ್ದನೆಯ ಕಂಬದ ತುದಿಯಲ್ಲಿರುವ ಹ್ಯಾಂಡಲ್ ಹಿಡಿದು ನಿಂತುಕೊಂಡೇ ಓಡಿಸಬೇಕು. “ನೀನು ಎಂಜಿನ್ ನೋಡ್ಕೋ ಮಾರಾಯ, ನಾನು ಓಡಿಸ್ತೆ” ಎಂದರು ಭಾವ. ಆ ಹೊತ್ತಿಗೆ ನನಗೂ ಅದು ನ್ಯಾಯವಾದ ಹಂಚಿಕೆಯೆಂದೇ ತೋರಿತು.

ಅದರ ಚಾಕರಿ ಬಾಣಂತಿಯ ಚಾಕರಿಗಿಂತ ಹೆಚ್ಚು. ಡುಮಸ್ ಕಡಲತೀರದ ಉಪ್ಪುನೀರಿನಲ್ಲಿ ಒಮ್ಮೆ ಇಳಿದು ಬಂದರೆ ಎಂಜಿನ್ನಿನೊಳಗೆ ಸಿಹಿನೀರು ಹಾಯಿಸಿ ತೊಳೆಯಬೇಕು. ಪ್ಲಗ್ ಬಿಚ್ಚಿ ಒಣಗಿಸಬೇಕು, ಕಾರ್ಬ್ಯುರೇಟರ್ ಸರಿಮಾಡಬೇಕು, ಗ್ರೀಸ್ ಹಚ್ಚಬೇಕು. ನೀರನ್ನು ಹಿಂದಕ್ಕೆ ತಳ್ಳುವ ಚಕ್ರದ ಅಂಚು ಕಲ್ಲಿಗೆ ತಾಗಿ ಮುಕ್ಕಾದಾಗ ಅದನ್ನು ಸೂರತ್‌ನ ವರಾಛಾ ಬಡಾವಣೆಗೆ ಒಯ್ದೆ. ಅಲ್ಲಿ ವಜ್ರ ಉಜ್ಜುವ ಕಾರ್ಖಾನೆ ಇಟ್ಟಿರುವ ಮಗನ್‌ಭಾಯಿ ಭಾವನ ಹೋಟೆಲಿನ ಕಾಯಂ ಗಿರಾಕಿ. ಭೂತಗನ್ನಡಿಯನ್ನು ಕಣ್ಣಿಗಿಟ್ಟು ಅರ್ಧ ಗಂಟೆ ಅದನ್ನು ನೋಡಿ, ತಾವೇ ಅರದಿಂದ ನಯಗೊಳಿಸಿ, “ಸುಧಾಕರ್‌ಭಾಯ್ ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ!” ಎಂದು ಹಿಂದಿಯಲ್ಲಿ ಮೆಚ್ಚಿಕೊಂಡರು. ಇಟ್ಟುಕೊಂಡವನು ಅವರೆದುರಿಗೇ ಕುಳಿತು ಅವರದೇ ಚಹಾ ಕುಡಿಯುತ್ತಿದ್ದ. ಭಾವನ ಕಾಲು ಜಾರದಂತೆ ರಬ್ಬರ್ ಹಾಸು ಅಂಟಿಸಿದ್ದು ನಾನು, ಅವರ ಎತ್ತರಕ್ಕೆ ಹೊಂದುವಂತೆ ಕಂಬ ಬದಲಿಸಿದ್ದೂ ನಾನು.

ಭಾನುವಾರ ಮಾತ್ರ ಭಾವನದು. ತೊಂಬತ್ತು ಕೆ.ಜಿ.ಯ ಆ ಮನುಷ್ಯ ಲೈಫ್ ಜಾಕೆಟ್ ತೊಟ್ಟು ನೀರಿನ ಮೇಲೆ ಎದ್ದು ನಿಂತು ಗಿರಕಿ ಹೊಡೆದರೆ ದಡದಲ್ಲಿದ್ದವರೆಲ್ಲ “ಅಣ್ಣಾ, ಜೋರ್‌ದಾರ್!” ಎಂದು ಕೂಗುತ್ತಿದ್ದರು. ನನಗೆ ಸಿಗುತ್ತಿದ್ದದ್ದು “ಭಾಯ್, ಸ್ವಲ್ಪ ಪಕ್ಕಕ್ಕೆ ಸರೀರಿ, ಫೋಟೋ ತೆಗೀಬೇಕು” ಎಂಬ ಮಾತು. ನಾನೂ ಮೂರು ಸಲ ಹತ್ತಿದ್ದೆ. ಮೂರು ಸಲವೂ ಯಂತ್ರ ಮುಂದೆ ಹೋಯಿತು, ನಾನು ಹಿಂದೆ ಉಳಿದೆ.

ಒಂದು ಶನಿವಾರ ನನ್ನ ಬುದ್ಧಿ ಕೆಟ್ಟಿತು. ವೇಗ ಹೆಚ್ಚಿಸುವ ಥ್ರಾಟಲ್ ಕೇಬಲ್ಲನ್ನು ಸಡಿಲ ಮಾಡಿಟ್ಟೆ. ಹಿಡಿಯನ್ನು ಪೂರ್ತಿ ಒತ್ತಿದರೂ ಎಂಜಿನ್ನಿನ ಅರ್ಧ ಶಕ್ತಿ ಮಾತ್ರ ಬರಬೇಕು. ಅಪಾಯವೇನಿಲ್ಲ, ಮರ್ಯಾದೆಗಷ್ಟೇ ಪೆಟ್ಟು.

ಮರುದಿನ ಭಾವ ಏಳಲು ಹೋದರು, ಮುಳುಗಿದರು. ಮತ್ತೆ ಹೋದರು, ಮತ್ತೆ ಮುಳುಗಿದರು. ದಡದಲ್ಲಿ ಫೋಟೋಕ್ಕೆಂದು ಎತ್ತಿದ್ದ ಮೊಬೈಲುಗಳು ಕೆಳಗಿಳಿದವು. ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ ಐಸ್‌ಕ್ರೀಮ್ ತಿಂದಂತಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಸುಮತಿ, “ಅಣ್ಣ, ಒಂದ್ಸಲ ನಾನು ನೋಡ್ತೆ” ಎಂದು ಜಾಕೆಟ್ ಕಟ್ಟಿಕೊಂಡು ನೀರಿಗಿಳಿದಳು. ಹಿಂದೊಮ್ಮೆ ಹತ್ತಿದ್ದಾಗ ಯಂತ್ರ ಹೋರಿಯಂತೆ ನೆಗೆದು ಅವಳನ್ನು ಬೀಳಿಸಿತ್ತು. ಇವತ್ತು ಎಮ್ಮೆಯಂತೆ ಮೆಲ್ಲಗೆ ಹೊರಟಿತು. ಹಗುರ ಮೈಯವಳು, ಮೊದಲು ಮಂಡಿಯೂರಿದಳು, ಆಮೇಲೆ ಒಂದು ಕಾಲು, ಇನ್ನೊಂದು ಕಾಲು. ನಿಂತೇಬಿಟ್ಟಳು! ದಡಕ್ಕೆ ದಡವೇ ಚಪ್ಪಾಳೆ ತಟ್ಟಿತು.

“ಎಂತ ಮಾಡಿದ್ದಿ ಮಾರಾಯ, ಮೆಷಿನ್ ಇಷ್ಟು ಮೆತ್ತಗಾದದ್ದು ಹೇಗೆ?” ಎಂದು ಭಾವ ಒದ್ದೆ ಮೈಯಲ್ಲೇ ಬಂದರು. ಸತ್ಯ ನಾಲಿಗೆಯ ತುದಿಯವರೆಗೆ ಬಂದಿತ್ತು. “ಹೊಸಬರೂ ಕಲೀಲಿ ಅಂತ ಸೆಟ್ಟಿಂಗ್ ಬದಲಿಸಿದೆ” ಎಂದುಬಿಟ್ಟೆ. ಭಾವ ನನ್ನನ್ನು ತಬ್ಬಿಕೊಂಡರು. “ನಿನ್ನಷ್ಟು ದೊಡ್ಡ ಮನಸ್ಸು ನಂಗಿಲ್ಲ ಮಾರಾಯ” ಎಂದರು. ಎಷ್ಟೋ ದಿನದಿಂದ ಬಯಸಿದ್ದ ಹೊಗಳಿಕೆ ಅದು. ಸಿಕ್ಕಿದ್ದು ಮಾತ್ರ ಮಾಡದ ಉಪಕಾರಕ್ಕೆ.

ಮನೆಗೆ ಬಂದ ಮೇಲೆ ಸುಮತಿ ತಲೆ ಒರೆಸಿಕೊಳ್ಳುತ್ತಾ, “ಅಣ್ಣ ಬೀಳಲಿ ಅಂತ ತಾನೆ ಮಾಡಿದ್ದು?” ಎಂದಳು. ನಾನು ಸ್ಪ್ಯಾನರ್ ಒರೆಸತೊಡಗಿದೆ. “ಇರಲಿ ಬಿಡಿ, ಯಾರಿಗೂ ಹೇಳೂದಿಲ್ಲ. ಆದ್ರೆ ನಾನು ಪೂರ್ತಿ ಕಲಿಯುವವರೆಗೆ ಅದು ಹಾಗೇ ಇರಬೇಕು.”

ಈಗ ಪ್ರತಿ ಭಾನುವಾರ ತಂಗಿಗೆಂದು ಕೇಬಲ್ ಸಡಿಲ ಮಾಡುತ್ತೇನೆ, ಅಣ್ಣನಿಗೆಂದು ಬಿಗಿ ಮಾಡುತ್ತೇನೆ. ಹೊಟ್ಟೆಕಿಚ್ಚಿಗೆ ಒಬ್ಬರಿದ್ದ ಕಡೆ ಇಬ್ಬರಾದರು. ಮೊನ್ನೆ ಸುಮತಿ ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದಳು. ನೀರಿನ ಮೇಲೆ ಅವಳು, ಪಕ್ಕದಲ್ಲಿ ಎದೆಮಟ್ಟ ನೀರಲ್ಲಿ ನಿಂತು ಹುರಿದುಂಬಿಸುವ ಭಾವ, ಅಂಚಿನಲ್ಲಿ ಸ್ಪ್ಯಾನರ್ ಹಿಡಿದ ಒಂದು ಕೈ. ಆ ಕೈ ಯಾರದೆಂದು ಅತ್ತೆ ಕೇಳಿದರು. ಊರಿನಿಂದ ಉತ್ತರ ಕೊಟ್ಟವಳು ನನ್ನ ಹೆತ್ತ ತಾಯಿ: “ಯಾರೋ ಮೆಕ್ಯಾನಿಕ್ ಇರಬೇಕು. ಪಾಪ, ಒಳ್ಳೆ ಜನ.”

ಮೆಕ್ಯಾನಿಕ್ ಎಂಬ ಮೊದಲರ್ಧ ನಿಜ. ಇನ್ನರ್ಧವನ್ನು ತಿದ್ದುವ ಧೈರ್ಯ ನನಗಾಗಲಿಲ್ಲ.